ಕಪ್ಪು ಕಾರು, ಹಳದಿ ಬಟ್ಟೆ

ಕಪ್ಪು ಕಾರು ತಗೋಬೇಡ ಅಂದವರು ಒಬ್ಬಿಬ್ಬರಲ್ಲ. ಅಪ್ಪ ಶನಿಯ ಬಣ್ಣ ಅಂದರು. ಆಫೀಸಿನ ಗೆಳೆಯ ಬಿಸಿಲಿಗೆ ಕಾದು ಕಾವಲಿ ಆಗುತ್ತದೆ ಅಂದ. ಗೀರು ಎದ್ದು ಕಾಣುತ್ತದೆ ಅಂತ ಮಾತ್ರ ಯಾರೂ ಹೇಳಲಿಲ್ಲ.

ಅದು ಗೊತ್ತಾಗಿದ್ದು 2024ರಲ್ಲಿ ಆಯುಧ ಪೂಜೆಗೆ ಊರಿಗೆ ಹೊರಟ ರಾತ್ರಿ. ಗುಬ್ಬಿ ದಾಟಿದ ಮೇಲೆ ಒಂದು ಬಂಕಿನಲ್ಲಿ ಪೆಟ್ರೋಲಿಗೆ ನಿಲ್ಲಿಸಿದ್ದೆ. ನೆತ್ತಿಯ ಮೇಲೆ ಬಿಳೀ ಎಲ್‌ಇಡಿ ದೀಪ. ಬಾನೆಟ್ಟಿನಲ್ಲಿ ಆ ದೀಪ ಕಾಣುತ್ತಿತ್ತು, ಅದರ ಸುತ್ತ ಜೇಡ ಬಲೆ ಕಟ್ಟಿದ ಹಾಗೆ ಕೂದಲೆಳೆಯಂಥ ಗೆರೆಗಳು. ಬೆರಳಲ್ಲಿ ಒರೆಸಿದೆ, ಹೋಗಲಿಲ್ಲ. ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ. ಬಲೆಯೂ ನನ್ನ ಜೊತೆ ಸರಿಯಿತು!

ದಾರಿಯುದ್ದಕ್ಕೂ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಾರು ತೊಳೆಯುವ ಹುಡುಗನನ್ನು ಬೈದುಕೊಂಡೇ ಬಂದೆ. ಬೆಳಗ್ಗೆ ಐದೂವರೆಗೆ ಬರುತ್ತಾನೆ. ಒಂದು ಬಕೆಟ್ಟು, ಒಂದು ಬಟ್ಟೆ, ಹದಿನೈದು ಕಾರು. ನನ್ನ ಸರದಿ ಬರುವಷ್ಟರಲ್ಲಿ ಬಕೆಟ್ಟಿನ ನೀರು ಟೀ ಬಣ್ಣಕ್ಕೆ ತಿರುಗಿರುತ್ತದೆ. ತಿಂಗಳಿಗೆ ನಾನು ಕೊಡೋದು 600 ರೂಪಾಯಿ. ಅಷ್ಟಕ್ಕೆ ಕಾರಿಗೊಂದು ಹೊಸ ಬಟ್ಟೆ ತಾ ಅಂತ ಕೇಳೋಕಾಗುತ್ತದಾ? ಆದರೂ ತಪ್ಪು ಅವನದೇ ಅಂದುಕೊಂಡರೆ ಮನಸ್ಸಿಗೊಂದು ಸಮಾಧಾನ.

ಆ ಸಮಾಧಾನ ಬೆಳಗ್ಗೆವರೆಗೂ ಉಳಿಯಲಿಲ್ಲ. ಅಕ್ಕನ ಮಗ ಹಬ್ಬಕ್ಕೆ ಬಂದಿದ್ದ. ತುಮಕೂರಿನಲ್ಲಿ ಕಾರಿಗೆ ಪಾಲಿಶ್, ಕೋಟಿಂಗ್ ಮಾಡುವ ಅಂಗಡಿಯಲ್ಲಿ ಕೆಲಸ ಅವನಿಗೆ. ಮೊಬೈಲಿನ ಟಾರ್ಚು ಹಾಕಿ ಬಾನೆಟ್ಟು, ಬಾಗಿಲು, ಡಿಕ್ಕಿ ಎಲ್ಲ ನೋಡಿದ. ಆಮೇಲೆ ಡಿಕ್ಕಿ ತೆಗೆದು, ನಾನು ಮಡಿಚಿಟ್ಟಿದ್ದ ಹಳದಿ ಬಟ್ಟೆಯನ್ನು ಎರಡು ಬೆರಳಲ್ಲಿ, ಸತ್ತ ಇಲಿ ಎತ್ತುವ ಹಾಗೆ ಎತ್ತಿದ.

"ದಿನಾ ಇದರಲ್ಲಿ ಒರೆಸ್ತೀರಾ ಮಾಮ?"

"ಹೂಂ. ಆಫೀಸಿಗೆ ಹೋಗೋ ಮುಂಚೆ. ಸುಮ್ನೆ ಧೂಳು ತೆಗೆಯೋಕೆ."

"ಒರೆಸಿಲ್ಲ ನೀವು. ಉಪ್ಪುಕಾಗದ ಹಾಕಿ ಉಜ್ಜಿದ್ದೀರ."

ಆ ವರ್ಷದ ಬೇಸಿಗೆ ನೆನಪಾಯಿತು. ಬೆಂಗಳೂರಲ್ಲಿ ನೀರಿಗೆ ಹಾಹಾಕಾರ. ಮಾರ್ಚಿನಲ್ಲಿ ಜಲಮಂಡಳಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತ್ತು. ಸರಿಯಾದ ಆದೇಶವೇ, ಮನೆಗೆ ಟ್ಯಾಂಕರ್ ತರಿಸುತ್ತಿದ್ದವರಿಗೆ ಅದರಲ್ಲಿ ತಕರಾರು ಇರಲಿಲ್ಲ. ಆದರೆ ನಾನು ಕಂಡುಕೊಂಡ ಉಪಾಯ ಈ ಹಳದಿ ಬಟ್ಟೆ. ತೊಳೆಯದೆ ಒಣಗಿದ ಧೂಳನ್ನೇ ದಿನಾ ಉಜ್ಜಿದೆ. ಮೂರು ತಿಂಗಳು. ಎಷ್ಟು ಅಚ್ಚುಕಟ್ಟು ನೋಡಿ ಅಂತ ನನ್ನ ಬಗ್ಗೆ ನನಗೇ ಹೆಮ್ಮೆ ಬೇರೆ.

ಬಲೆ ನನ್ನ ಜೊತೆ ಯಾಕೆ ಸರಿಯಿತು ಅಂತಲೂ ಅವನೇ ಹೇಳಿದ. ಗೀರುಗಳು ದುಂಡಗೆ ಇರುವುದಿಲ್ಲವಂತೆ. ಎಲ್ಲ ದಿಕ್ಕಿಗೂ ಇರುತ್ತವೆ. ದೀಪಕ್ಕೆ ಅಡ್ಡಡ್ಡ ಬಿದ್ದವು ಮಾತ್ರ ಹೊಳೆಯುವುದರಿಂದ ಕಣ್ಣಿಗೆ ಸುತ್ತು ಸುತ್ತಾಗಿ ಕಾಣುತ್ತದೆ. ಅಂದರೆ ಬಲೆ ಆ ಒಂದು ಜಾಗದಲ್ಲಲ್ಲ, ಇಡೀ ಬಾನೆಟ್ಟಿನ ತುಂಬ ಇದೆ. ಇದನ್ನು ಕೇಳದಿದ್ದರೇ ಚೆನ್ನಾಗಿತ್ತು.

ಹಬ್ಬದ ಹಿಂದಿನ ದಿನ ಬೆಳಗ್ಗೆ ಆರೂವರೆಗೆ ತೊಳೆಯಲು ಇಳಿದೆವು. ಬಿಸಿಲೇರಿದರೆ ಕಪ್ಪು ಬಾನೆಟ್ಟಿನ ಮೇಲೆ ನೀರು ನಿಂತಲ್ಲೇ ಆರಿ ಕಲೆ ಕಟ್ಟುತ್ತದೆ. ಉಂಗುರ, ವಾಚು ಬಿಚ್ಚಿಡಿ ಅಂದ. ಬೆಲ್ಟೂ ಬಿಚ್ಚಿಸಿದ. ಅಪ್ಪ ಜಗುಲಿ ಮೇಲೆ ಕೂತು, "ದೇವಸ್ಥಾನಕ್ಕೆ ಹೋಗ್ತಿದ್ದೀರೋ ಕಾರು ತೊಳೀತಿದ್ದೀರೋ" ಅಂದರು.

ಮೊದಲು ಚಕ್ರಗಳು. ಅದಕ್ಕೆ ಹಳೇ ಬನಿಯನ್ನು, ಬೇರೆ ಮಗ್ಗು. ಬ್ರೇಕಿನ ಕರೀ ಪುಡಿ ಹತ್ತಿದ ಬಟ್ಟೆ ಮತ್ತೆ ಕಾರಿನ ಮೈಗೆ ತಾಗುವ ಹಾಗಿಲ್ಲ. ಆಮೇಲೆ ತೋಟದ ಪೈಪು ತಂದು ಮೇಲಿಂದ ಕೆಳಗೆ ಬರೀ ನೀರು. ಐದು ನಿಮಿಷ ಕೈ ಮುಟ್ಟಿಸಲೇ ಇಲ್ಲ. ನನಗೆ ಕೈ ಕಡಿಯುತ್ತಿತ್ತು. "ನೀರಲ್ಲಿ ಎಷ್ಟು ಹೋಗುತ್ತೋ ಅಷ್ಟು ಹೋಗಲಿ ಮಾಮ, ಉಳಿದಿದ್ದಕ್ಕೆ ಮಾತ್ರ ಕೈ." ಕನ್ನಡಿ ಮೇಲೆ ಹಕ್ಕಿ ಹಿಕ್ಕೆ ಒಣಗಿತ್ತು. ಉಗುರಲ್ಲಿ ಕೆರೆಯಲು ಹೋದೆ. ಕೈ ಹಿಡಿದು ತಡೆದು, ಅದರ ಮೇಲೆ ಒದ್ದೆ ಬಟ್ಟೆ ಹೊದಿಸಿಟ್ಟ. ಹತ್ತು ನಿಮಿಷಕ್ಕೆ ತಾನೇ ಬಿಟ್ಟುಕೊಂಡಿತು.

ಅಮ್ಮ ಪಾತ್ರೆ ತೊಳೆಯುವ ಲಿಕ್ವಿಡ್ ತಂದುಕೊಟ್ಟರು. ಬೇಡ ಅಜ್ಜಿ, ಅದು ಎಣ್ಣೆ ಜಿಡ್ಡಿನ ಜೊತೆ ಕಾರಿನ ಮೇಲಿರೋ ವ್ಯಾಕ್ಸನ್ನೂ ಎತ್ತಿಬಿಡುತ್ತೆ ಅಂದ. ಕಾರಿನ ಶಾಂಪೂ ಅವನ ಬ್ಯಾಗಿನಲ್ಲೇ ಇತ್ತು. ಅದರ ಬದಲಿಗೆ ಅಮ್ಮನ ಹತ್ತಿರ ಅವನು ಕೇಳಿದ್ದು ತರಕಾರಿ ತೊಳೆಯುವ ತೂತಿನ ಬುಟ್ಟಿ. ಅಮ್ಮ ಗೊಣಗಿಕೊಂಡೇ ಕೊಟ್ಟರು.

ಪೇಂಟಿನ ಎರಡು ಖಾಲಿ ಬಕೆಟ್ಟು. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಬರೀ ನೀರಿನ ತಳದಲ್ಲಿ ಬುಟ್ಟಿಯನ್ನು ಬೋರಲು ಹಾಕಿದ. ಉದ್ದ ಎಳೆಯ ಮೈಕ್ರೋಫೈಬರ್ ಗವಸನ್ನು ಶಾಂಪೂ ನೀರಲ್ಲಿ ಅದ್ದಿ, ಟಾಪಿನಿಂದ ಶುರು ಮಾಡಿ, ನೇರ ಗೆರೆಯಲ್ಲಿ ಮೆಲ್ಲಗೆ ಎಳೆಯುವುದು. ಒಂದು ಭಾಗ ಮುಗಿದ ಕೂಡಲೇ ಗವಸನ್ನು ಬರೀ ನೀರಿನ ಬಕೆಟ್ಟಿನಲ್ಲಿ ಬುಟ್ಟಿಗೆ ಉಜ್ಜಿ, ಹಿಂಡಿ, ಮತ್ತೆ ಶಾಂಪೂ. ಬಾಗಿಲುಗಳ ಕೆಳಭಾಗ ಕಟ್ಟಕಡೆಗೆ, ಯಾಕೆಂದರೆ ಚಕ್ರ ಎರಚಿದ ಕೆಸರೆಲ್ಲ ಅಲ್ಲೇ ಇರೋದು.

ಮುಗಿದ ಮೇಲೆ ಬುಟ್ಟಿ ಎತ್ತಿ, ಬಕೆಟ್ಟಿನ ನೀರನ್ನು ಮೆಲ್ಲಗೆ ಬಗ್ಗಿಸಿದ. ತಳದಲ್ಲಿ ಒಂದು ಚಮಚದಷ್ಟು ಕೆಂಪು ಮಣ್ಣು. ಬೆರಳಲ್ಲಿ ತಗೊಂಡು ಉಜ್ಜಿ ನೋಡಿ ಅಂದ. ನುಣ್ಣಗಿದೆ ಅಂದುಕೊಂಡೆ, ಒತ್ತಿದರೆ ಸರಸರ ಅಂತು. ಈ ಮರಳಿನ ಕಾಳು ಗಾಜನ್ನೂ ಗೀರುವಷ್ಟು ಗಟ್ಟಿ. ಕಾರಿನ ಬಣ್ಣದ ಮೇಲಿರುವ ಕ್ಲಿಯರ್ ಕೋಟ್ ಅನ್ನುವ ಪಾರದರ್ಶಕ ಪದರ ಸುಮಾರು 40ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಇಷ್ಟು ದಿನ ಈ ಚಮಚದ ಮಣ್ಣು ನನ್ನ ಹಳದಿ ಬಟ್ಟೆಯಲ್ಲೇ ಕೂತು ಬಾನೆಟ್ಟಿನ ಮೇಲೆ ಓಡಾಡಿದೆ. ಹುಡುಗನನ್ನು ಬೈದಿದ್ದಕ್ಕೆ ಸ್ವಲ್ಪ ನಾಚಿಕೆಯಾಯಿತು.

ತೊಳೆಯೋದು ಮುಗೀತಲ್ಲ ಅಂತ ಉಸಿರು ಬಿಟ್ಟೆ. ಒರೆಸುವಾಗಲೇ ಜಾಸ್ತಿ ಗೀರು ಬೀಳೋದು ಅಂದ. ನಮ್ಮದು ಬೋರ್‌ವೆಲ್ ನೀರು. ಸ್ನಾನ ಮಾಡಿದರೆ ಸೋಪು ನೊರೆ ಬರಲ್ಲ, ಬಿಂದಿಗೆ ಅಂಚಿನಲ್ಲಿ ಬಿಳೀ ಸುಣ್ಣ ಕಟ್ಟುತ್ತದೆ. ಅದು ಕಪ್ಪು ಕಾರಿನ ಮೇಲೆ ಆರಿದರೆ ಚುಕ್ಕೆ ಚುಕ್ಕೆ. ಆಗ ಅಪ್ಪನಿಗೆ ಹೊಳೆಯಿತು, ಹಿತ್ತಲಿನ ಡ್ರಮ್ಮಿನಲ್ಲಿ ಮಳೆ ನೀರಿದೆ ಅಂತ. ಹೆಂಚಿನಿಂದ ಇಳಿದ ನೀರು, ಬಟ್ಟೆ ಕಟ್ಟಿ ಸೋಸಿದ್ದು. ಮಳೆ ನೀರಿನಲ್ಲಿ ಸುಣ್ಣದಂಶ ಇರೋದಿಲ್ಲವಲ್ಲ. ಕೊನೆಯ ಸಲ ಆ ನೀರನ್ನೇ ಮಗ್ಗಿನಲ್ಲಿ, ಎರಚದೆ, ಟಾಪಿನ ಅಂಚಿನಿಂದ ಹಾಳೆಯ ಹಾಗೆ ಜಾರಿಬಿಟ್ಟೆವು. ಅರ್ಧ ನೀರನ್ನು ಅದೇ ಎಳೆದುಕೊಂಡು ಹೋಯಿತು.

ಉಳಿದಿದ್ದಕ್ಕೆ ದಪ್ಪ ಮೈಕ್ರೋಫೈಬರ್ ಟವೆಲ್ಲು. ಅದನ್ನು ಬಿಡಿಸಿ ಬಾನೆಟ್ಟಿನ ಮೇಲೆ ಹಾಸಿ, ಎರಡು ತುದಿ ಹಿಡಿದು ತನ್ನ ಕಡೆಗೆ ಎಳೆದ. ಒತ್ತಲಿಲ್ಲ, ಉಜ್ಜಲಿಲ್ಲ. ಟವೆಲ್ಲಿನ ಭಾರಕ್ಕೇ ನೀರು ಹೀರಿಕೊಂಡಿತು. ನಾನು ಬಾಗಿಲಿನ ಹತ್ತಿರ ಇನ್ನೊಂದು ಟವೆಲ್ಲನ್ನು ಕೈಜಾರಿ ಬೀಳಿಸಿದೆ. ಅಪ್ಪ ಎತ್ತಿ, ಎರಡು ಸಲ ಕೊಡವಿ, ಒರೆಸಲು ಹೊರಟರು. ಅಕ್ಕನ ಮಗ ಓಡಿ ಬಂದು ಕಿತ್ತುಕೊಂಡ.

"ಕೆಳಗೆ ಬಿದ್ದ ಹೋಳಿಗೆ ಬೇಕಾದ್ರೆ ಊದ್ಕೊಂಡು ತಿನ್ನಿ ತಾತ. ಈ ಟವೆಲ್ ಮಾತ್ರ ಬೇಡ."

ಹಳೇ ಗೀರುಗಳು ಹೋಗಲಿಲ್ಲ, ಬರೀ ತೊಳೆದರೆ ಹೋಗುವುದೂ ಇಲ್ಲ. ಪಾಲಿಶ್ ಮಾಡಿಸಿದರೆ ಹೋಗುತ್ತವೆ, ಆದರೆ ಪಾಲಿಶ್ ಅಂದರೆ ಆ ತೆಳು ಪದರವನ್ನೇ ಇನ್ನಷ್ಟು ಸವೆಸುವುದು. ಪದೇಪದೇ ಮಾಡಿಸೋ ಹಾಗಿಲ್ಲ. ಸದ್ಯಕ್ಕೆ ಬೇಡ ಅಂದೆ.

ಮಾರನೇ ದಿನ ಪೂಜೆಗೆ ಇನ್ನೊಂದು ಪಂಚಾಯ್ತಿ. ಬಾನೆಟ್ಟಿನ ಮೇಲೆ ಮೂರು ಪಟ್ಟೆ ವಿಭೂತಿ ಬಳಿಯದೆ ಅದೆಂಥ ಆಯುಧ ಪೂಜೆ ಅಂತ ಅಪ್ಪ. ಒಣಗಿದ ವಿಭೂತಿ, ಕುಂಕುಮ ತೆಗೆಯುವಾಗ ಮತ್ತೆ ಉಜ್ಜಬೇಕಲ್ಲ ಅಂತ ನಾನು. ಕೊನೆಗೆ ಅಮ್ಮನೇ ತೀರ್ಪು ಕೊಟ್ಟರು. ವಿಭೂತಿ ಗಾಜಿಗೆ, ಅರಿಸಿನ ಕುಂಕುಮ ನಂಬರ್ ಪ್ಲೇಟಿಗೆ. ಬಾಳೆಕಂದು, ಚೆಂಡುಹೂವಿನ ಹಾರವನ್ನು ನಿಂಬೆಹಣ್ಣು ತುಳಿಸಿ ಮುಗಿದ ಕೂಡಲೇ ಬಿಚ್ಚಿದೆವು. ಹಾರದ ತಂತಿ ಗಾಳಿಗೆ ಅಲ್ಲಾಡಿದರೆ ಅದೂ ಗೀರುತ್ತದೆ. ಬೂದುಗುಂಬಳಕಾಯಿ ಚೂರುಗಳನ್ನು ಅಪ್ಪ ತಾವೇ ರಸ್ತೆಯಿಂದ ಗೋರಿ ಪಕ್ಕಕ್ಕೆ ಹಾಕಿದರು.

ಭಾನುವಾರ ಬೆಂಗಳೂರಿಗೆ ಹೊರಟೆ. ತೋಟದ ಮಣ್ಣುದಾರಿಯಲ್ಲಿ ಟ್ರ್ಯಾಕ್ಟರೊಂದು ಮುಂದೆ ಸಿಕ್ಕಿತು. ಡಾಂಬರು ರಸ್ತೆ ಮುಟ್ಟುವಷ್ಟರಲ್ಲಿ ಬಾನೆಟ್ಟು ಕಪ್ಪಾಗಿರಲಿಲ್ಲ, ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಅಭ್ಯಾಸ ಬಲ, ಗಾಡಿ ನಿಲ್ಲಿಸಿ ಡಿಕ್ಕಿ ತೆಗೆದೆ. ಹಳದಿ ಬಟ್ಟೆ ಇರಲಿಲ್ಲ. ಫೋನ್ ಮಾಡಿದರೆ ಅಮ್ಮ, "ಅದಾ? ಗ್ಯಾಸ್ ಒಲೆ ಕಟ್ಟೆ ಒರೆಸೋಕೆ ಇಟ್ಕೊಂಡಿದ್ದೀನಿ ಕಣೋ, ಚೆನ್ನಾಗಿದೆ" ಅಂದರು. ಡಿಕ್ಕಿ ಮುಚ್ಚಿ, ಧೂಳಿನ ಸಮೇತ ಹೊರಟೆ.