ಹಳೆಯ ಚೀನೀ ತತ್ವಜ್ಞಾನ ಇವತ್ತು ಯಾವ ಕೆಲಸಕ್ಕೆ ಬರುತ್ತದೆ?

ಈ ಪ್ರಶ್ನೆ ಕೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಇರುವುದು ಕನ್‌ಫ್ಯೂಷಿಯಸ್ಸನ ನೀತಿಮಾತು, ಇಲ್ಲವೇ ಲಾವೋತ್ಸೆಯ ಏನೂ ಮಾಡದೆ ಆಳುವ ದೊರೆ. ರಾಜಕೀಯಕ್ಕೂ ಆಫೀಸಿಗೂ ನೇರವಾಗಿ ಉಪಯೋಗಕ್ಕೆ ಬರುವವನು ಹಾನ್ ಫೇ ಎಂಬುದು ನನ್ನ ಉತ್ತರ. ಮುಂದೆ ಚೀನಾವನ್ನೆಲ್ಲ ಒಂದುಗೂಡಿಸಿದ ಚಿನ್ ರಾಜ್ಯದ ಸೆರೆಯಲ್ಲಿ ಕ್ರಿ.ಪೂ. 233ರಲ್ಲಿ ಸತ್ತವನು.

ಅವನ ಲೆಕ್ಕಾಚಾರ ಶುರುವಾಗುವುದೇ ನಿರಾಶೆಯಿಂದ. ಮಹಾಪುರುಷನಾಗಲಿ ಮಹಾದುಷ್ಟನಾಗಲಿ ಸಾವಿರ ತಲೆಮಾರಿಗೊಬ್ಬ ಹುಟ್ಟುತ್ತಾನೆ, ಉಳಿದವರೆಲ್ಲ ನಡುವಿನವರು. ಆದ್ದರಿಂದ ವ್ಯವಸ್ಥೆ ಇರಬೇಕಾದದ್ದು ನಡುವಿನವರಿಗಾಗಿ. ‘ಒಬ್ಬ ಒಳ್ಳೆ ನಾಯಕ ಬಂದರೆ ಸಾಕು’ ಎನ್ನುವವರು ಮೊದಲು ಓದಬೇಕಾದದ್ದು ಇದನ್ನೇ.

ಅವನ ವಿಧಾನ ಹೀಗೆ. ಅಧಿಕಾರಿ ತಾನು ಏನು ಮಾಡುತ್ತೇನೆಂದು ಮೊದಲೇ ಹೇಳಬೇಕು. ದೊರೆ ಆ ಮಾತಿನ ಪ್ರಕಾರವೇ ಕೆಲಸ ಒಪ್ಪಿಸಿ, ಕೊನೆಗೆ ಮಾತನ್ನೂ ಫಲವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ತಾಳೆಯಾದರೆ ಬಹುಮಾನ, ಆಗದಿದ್ದರೆ ಶಿಕ್ಷೆ; ಇವೇ ದೊರೆಯ ಕೈಯಲ್ಲಿರುವ ‘ಎರಡು ಹಿಡಿಕೆ’ಗಳು. ಹೇಳಿದ್ದಕ್ಕಿಂತ ಹೆಚ್ಚು ಮಾಡಿದವನಿಗೂ ಶಿಕ್ಷೆ ಉಂಟು. ಮೊದಲ ಓದಿಗೆ ಹುಚ್ಚು ಎನಿಸುತ್ತದೆ. ಆದರೆ ಹತ್ತು ದಿನ ಬೇಕೆಂದು ಬರೆಸಿ ಮೂರೇ ದಿನಕ್ಕೆ ಮುಗಿಸಿ ಶಹಬ್ಬಾಸ್ ಗಿಟ್ಟಿಸುವವರನ್ನು ನೆನೆಯಿರಿ. ಅಲ್ಲಿ ಕೆಲಸ ಚೆನ್ನಾಗಿರಬಹುದು, ಅಂದಾಜು ಸುಳ್ಳು. ಅದಕ್ಕೆ ಬಹುಮಾನ ಕೊಟ್ಟರೆ ಮುಂದಿನ ಸಲ ಎಲ್ಲರೂ ಇಪ್ಪತ್ತು ದಿನ ಕೇಳುತ್ತಾರೆ.

ಅವನೇ ಹೇಳುವ ಕಥೆಯೊಂದಿದೆ. ಹಾನ್ ರಾಜ್ಯದ ದೊರೆ ಚಾವೋ ಕುಡಿದು ಮಲಗಿದ್ದಾಗ ಚಳಿಯಾದೀತೆಂದು, ಮೇಲಂಗಿ ನೋಡಿಕೊಳ್ಳುವವನ ಬದಲು ಕಿರೀಟ ನೋಡಿಕೊಳ್ಳುವವನು ಮೇಲಂಗಿ ಹೊದಿಸಿದ. ಎದ್ದ ದೊರೆ ಶಿಕ್ಷಿಸಿದ್ದು ಇಬ್ಬರನ್ನೂ: ಮೇಲಂಗಿಯವನನ್ನು ಕೆಲಸ ಬಿಟ್ಟದ್ದಕ್ಕೆ, ಕಿರೀಟದವನನ್ನು ಗೆರೆ ದಾಟಿದ್ದಕ್ಕೆ. ನಾನು ಈ ಮಟ್ಟಕ್ಕೆ ಹೋಗುವುದಿಲ್ಲ. ಆದರೂ ಮತ್ತೊಬ್ಬರ ಕೆಲಸವನ್ನು ತುಂಬಿಕೊಡುವ ಉತ್ಸಾಹಿ ಇರುವ ಕಡೆ, ಯಾರು ಮಾಡಬೇಕಿತ್ತು ಎಂಬುದು ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ.

ಇದು ಬರೀ ಪುಸ್ತಕದ ಮಾತಾಗಿರಲಿಲ್ಲ. 1975ರಲ್ಲಿ ಹುಬೇ ಪ್ರಾಂತ್ಯದ ಶುಯಿಹುದಿಯಲ್ಲಿ ಒಬ್ಬ ಕೆಳಹಂತದ ಚಿನ್ ಅಧಿಕಾರಿಯ ಗೋರಿಯಿಂದ ಸಾವಿರಕ್ಕೂ ಹೆಚ್ಚು ಬಿದಿರಿನ ಪಟ್ಟಿಗಳು ಸಿಕ್ಕವು. ಅವುಗಳಲ್ಲಿ ಉಳುವ ಎತ್ತುಗಳ ಕಾನೂನೂ ಇದೆ. ವರ್ಷಕ್ಕೆ ನಾಲ್ಕು ಸಲ ತಪಾಸಣೆ. ಗೆದ್ದ ಮೇಲ್ವಿಚಾರಕನಿಗೆ ಒಂದು ಹೂಜಿ ಮದ್ಯ, ಒಂದು ಕಟ್ಟು ಒಣಮಾಂಸ. ಎತ್ತಿನ ಸುತ್ತಳತೆ ಇಳಿದರೆ ಪ್ರತಿ ಚುನ್‌ಗೆ, ಅಂದರೆ ಸುಮಾರು 2.3 ಸೆಂಟಿಮೀಟರಿಗೆ, ನೋಡಿಕೊಳ್ಳುವವನಿಗೆ ಹತ್ತು ಏಟು. ವರ್ಷಕ್ಕೊಂದೇ ಸಲ ಅಳೆದಿದ್ದರೆ ಆ ವಾರವಷ್ಟೇ ಚೆನ್ನಾಗಿ ಮೇಯಿಸುತ್ತಿದ್ದರೇನೋ! ಗುರಿ ಹಾಕುವವರು ಗಮನಿಸಬೇಕಾದದ್ದು ಈ ‘ನಾಲ್ಕು ಸಲ’.

ಬಿಟ್ಟಿ ಕೆಲಸಕ್ಕೆ ತಡವಾಗಿ ಬಂದರೆ ಏನು ಎಂಬುದೂ ಅಲ್ಲಿದೆ. ಮೂರರಿಂದ ಐದು ದಿನಕ್ಕೆ ಬೈಗುಳ, ಆರರಿಂದ ಹತ್ತು ದಿನಕ್ಕೆ ಒಂದು ಗುರಾಣಿಯ ಬೆಲೆಯಷ್ಟು ದಂಡ, ಅದಕ್ಕೂ ಮೀರಿದರೆ ಒಂದು ಕವಚದಷ್ಟು. ಮಳೆ ಬಂದು ತಡೆದರೆ ಮಾಫಿ. ಆದರೆ ಚಿನ್ ವಿರುದ್ಧ ಕ್ರಿ.ಪೂ. 209ರಲ್ಲಿ ಎದ್ದ ಬಂಡಾಯದ ಬಗ್ಗೆ ಇತಿಹಾಸಕಾರ ಸ್ಸುಮಾ ಚಿಯೆನ್ ಬರೆಯುವುದು ಬೇರೆ: ಗಡಿಕಾವಲಿಗೆ ಹೊರಟ 900 ಜನ ಮಳೆಯಲ್ಲಿ ಸಿಕ್ಕಿಬಿದ್ದರು, ತಡಕ್ಕೆ ಮರಣದಂಡನೆ ಎಂದು ತಿಳಿದು ದಂಗೆಯೆದ್ದರು. ಸೈನ್ಯದ ನಿಯಮ ಬೇರೆಯೇ ಇದ್ದಿರಬಹುದು. ಹಾಗಾಗಿ ‘ಕ್ರೂರ ಕಾನೂನಿನಿಂದ ಚಿನ್ ಬಿತ್ತು’ ಎಂಬ ಒಂದು ಸಾಲಿನ ತೀರ್ಪನ್ನು ನಾನು ನಂಬುವುದಿಲ್ಲ.

ನಿಜವಾದ ತೂತು ಇರುವುದು ಮೇಲ್ತುದಿಯಲ್ಲಿ. ಎಲ್ಲರನ್ನೂ ತಾಳೆ ನೋಡುವ ದೊರೆಯನ್ನು ತಾಳೆ ನೋಡುವವರು ಯಾರು? ಹಾನ್ ಫೇಯ ಬಳಿ ಇದಕ್ಕೆ ಉತ್ತರವಿಲ್ಲ. ಕ್ರಿ.ಪೂ. 210ರಲ್ಲಿ ಚಿನ್‌ನ ಮೊದಲ ಚಕ್ರವರ್ತಿ ಸತ್ತಾಗ ಆಸ್ಥಾನದ ಅಧಿಕಾರಿ ಚಾವ್ ಕಾವ್ ಮತ್ತು ಮಂತ್ರಿ ಲೀ ಸ್ಸು ಸೇರಿ ಆಜ್ಞೆಯನ್ನೇ ತಿದ್ದಿದರೆಂದು ಇತಿಹಾಸ ಹೇಳುತ್ತದೆ. ಮುಂದೆ ಚಾವ್ ಕಾವ್ ಆಸ್ಥಾನಕ್ಕೆ ಜಿಂಕೆ ತರಿಸಿ ‘ಇದು ಕುದುರೆ’ ಎಂದ. ಕೆಲವರು ಸುಮ್ಮನಾದರು, ಕೆಲವರು ಕುದುರೆಯೇ ಎಂದರು. ಜಿಂಕೆ ಎಂದವರನ್ನು ಆಮೇಲೆ ವಿಚಾರಿಸಿಕೊಂಡ. ಹೆಸರಿಗೂ ವಸ್ತುವಿಗೂ ತಾಳೆ ನೋಡುವುದರ ಮೇಲೆಯೇ ಕಟ್ಟಿದ್ದ ರಾಜ್ಯದಲ್ಲಿ ಹೀಗಾಯಿತು.

ಆದ್ದರಿಂದ ಹಾನ್ ಫೇಯ ವಿಧಾನವನ್ನು ಸಂಘಕ್ಕೋ ಕಚೇರಿಗೋ ತರುವವರು ಒಂದನ್ನು ಸೇರಿಸಲೇಬೇಕು: ಅಧ್ಯಕ್ಷರ ಮಾತನ್ನೂ ಮೊದಲೇ ಬರೆಸಿಕೊಳ್ಳಬೇಕು, ಅದನ್ನು ತಾಳೆ ನೋಡುವವರು ಅವರೇ ನೇಮಿಸಿದವರಾಗಿರಬಾರದು. ಓದಲು ಶುರುಮಾಡುವವರು ಅವನ ಪುಸ್ತಕದ 55 ಅಧ್ಯಾಯಗಳನ್ನೂ ಹಿಡಿಯಬೇಕಿಲ್ಲ. 7ನೆಯದು ಚಿಕ್ಕದು, ಒಂದು ಸಂಜೆಗೆ ಮುಗಿಯುತ್ತದೆ. ಆಮೇಲೆ 49ನೆಯದು.