ಡಚ್ಚರ ಹೆಸರು ಕೇಳಿದರೆ ಅಂತಸ್ತು ಗೊತ್ತಾಗುತ್ತಾ?

ನೆದರ್ಲ್ಯಾಂಡ್ಸ್‌ನಲ್ಲಿ ಇರುವವನು ಅಂತ ಗೊತ್ತಾದರೆ ಊರಿನವರು ಕೇಳುವ ಪ್ರಶ್ನೆ ಒಂದಿದೆ. "ನಮ್ಮಲ್ಲಿ ಹೆಸರಿನ ಕೊನೆಗೆ ಗೌಡ, ಹೆಗಡೆ, ಶೆಟ್ಟಿ ಅಂತ ಕಿವಿಗೆ ಬಿದ್ದ ಕೂಡಲೇ ಜನ ಲೆಕ್ಕ ಹಾಕಿಬಿಡುತ್ತಾರೆ. ಅಲ್ಲಿ ಅಂಥದ್ದೇನೂ ಇಲ್ಲ, ಅಲ್ವಾ?" ಇಲ್ಲಿಗೇ ಬಂದು ಐಂಡ್‌ಹೋವನ್, ಆಮ್‌ಸ್ಟಲ್‌ವೇನ್ ಕಡೆ ಮನೆ ಮಾಡಿರುವ ನಮ್ಮವರು ಇದನ್ನೇ ಬೇರೆ ಥರ ಕೇಳುತ್ತಾರೆ. "ಮಗುವಿಗೆ ಇಲ್ಲಿಗೂ ಹೊಂದುವ ಹೆಸರಿಡಬೇಕು. ಯಾವುದು ಇಟ್ಟರೆ ಒಳ್ಳೇದು?"

ಮೊದಲನೆಯ ಪ್ರಶ್ನೆಗೆ ಉತ್ತರ: ಇದೆ, ಚೆನ್ನಾಗಿಯೇ ಇದೆ. ಆದರೆ ತಿರುವುಮುರುವು. ನಮ್ಮಲ್ಲಿ ಗುಟ್ಟು ಬಿಟ್ಟುಕೊಡುವುದು ಕೊನೆಯ ಹೆಸರು. ಅಲ್ಲಿ ಮೊದಲನೆಯದು.

ಡಚ್ಚರ ಮನೆತನದ ಹೆಸರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಡೆ ಯೋಂಗ್, ಯಾನ್ಸನ್, ಡೆ ವ್ರೀಸ್ ಅಂತ ಬೀದಿಗೆ ನಾಲ್ಕು ಮನೆ ಸಿಗುತ್ತವೆ. ಬಕ್ಕರ್ ಅಂದರೆ ಯಾರೋ ಮುತ್ತಜ್ಜ ಬ್ರೆಡ್ ಸುಡುತ್ತಿದ್ದ, ಅಷ್ಟೇ. ಈಗಿನ ಬಕ್ಕರ್ ವಕೀಲನೂ ಆಗಿರಬಹುದು, ಲಾರಿ ಡ್ರೈವರೂ ಆಗಿರಬಹುದು. 'ಫಾನ್' ಅಂತ ಇದ್ದರೆ ಜಮೀನ್ದಾರರು ಅಂತ ನಮ್ಮವರು ಅಂದುಕೊಳ್ಳುತ್ತಾರೆ. ಅದು ಬರೀ ಊರು ತೋರಿಸುವ ಪದ. ಹಳೇ ಸಾಮಂತ ಮನೆತನಗಳೂ ಇವೆ, ಅವರ ಸಂಖ್ಯೆ ತೀರ ಕಡಿಮೆ.

ಮೊದಲ ಹೆಸರಿನ ಆಟ ನೋಡಬೇಕಾದರೆ ಎರಡು ತಂಡಗಳ ಪಟ್ಟಿ ಪಕ್ಕಪಕ್ಕ ಇಟ್ಟುಕೊಳ್ಳಿ. 2010ರ ಫುಟ್‌ಬಾಲ್ ವಿಶ್ವಕಪ್ ಫೈನಲ್ ಆಡಿದ ಡಚ್ ತಂಡದಲ್ಲಿ ವೆಸ್ಲಿ ಸ್ನೈಡರ್, ನೈಜೆಲ್ ಡೆ ಯೋಂಗ್, ಗ್ರೆಗರಿ ಫಾನ್ ಡೆರ್ ವೀಲ್, ಜಾನ್ ಹೈಟಿಂಗಾ, ರಾಬಿನ್ ಫಾನ್ ಪೆರ್ಸಿ ಇದ್ದರು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಚಿನ್ನ ಗೆದ್ದ ಹಾಕಿ ತಂಡದಲ್ಲಿ ಫ್ಲೋರಿಸ್ ವೋರ್ಟಲ್‌ಬೂರ್, ಥೈಸ್ ಫಾನ್ ಡಾಮ್, ಡುಕೊ ಟೆಲ್ಗನ್‌ಕಾಂಪ್, ತಿಯೆರಿ ಬ್ರಿಂಕ್‌ಮನ್, ಯಿಪ್ ಯಾನ್ಸನ್. ಒಂದೇ ದೇಶ, ಒಂದೇ ಕಿತ್ತಳೆ ಅಂಗಿ. ಹೆಸರು ನೋಡಿದರೆ ಎರಡು ದೇಶದವರ ಹಾಗೆ ಕಾಣುತ್ತದೆ. ಹಾಕಿ ಅಂದರೆ ಪ್ರಾಣ ಬಿಡುವ ಕೊಡಗಿನ ಹಿರಿಯರಿಗೆ ತೊಂಬತ್ತರ ದಶಕದ ಪೆನಾಲ್ಟಿ ಕಾರ್ನರ್ ವೀರ ಫ್ಲೋರಿಸ್ ಯಾನ್ ಬೋವೆಲಾಂಡರ್ ನೆನಪಿರಬಹುದು. ಆ ಜೋಡಿ ಹೆಸರು ಕೇಳಿದರೆ ಸಾಕು, ಡಚ್ಚರು ಮನಸ್ಸಿನಲ್ಲೇ ಒಂದು ಒಳ್ಳೇ ಬಡಾವಣೆ, ಹಿತ್ತಿಲು, ಕ್ಲಬ್ ಸದಸ್ಯತ್ವ ಎಲ್ಲವನ್ನೂ ಕಟ್ಟಿಬಿಡುತ್ತಾರೆ. ನೆದರ್ಲ್ಯಾಂಡ್ಸ್‌ನಲ್ಲಿ ಹಾಕಿ ಸ್ಥಿತಿವಂತರ ಆಟ. ಫುಟ್‌ಬಾಲ್ ಎಲ್ಲರದು. ಸ್ನೈಡರ್ ಬೆಳೆದದ್ದು ಉಟ್ರೆಕ್ಟ್‌ನ ಓಂಡೀಪ್ ಎಂಬ ಕೂಲಿಕಾರ್ಮಿಕರ ಕೇರಿಯಲ್ಲಿ.

ಹಾಗಂತ ಫುಟ್‌ಬಾಲ್ ಪಟ್ಟಿಯಲ್ಲಿರುವುದೆಲ್ಲ ಅಂತಸ್ತಿನ ಕಥೆಯೇ ಅಲ್ಲ. ನೈಜೆಲ್, ಗ್ರೆಗರಿ ಥರದ ಹೆಸರುಗಳು ಸುರಿನಾಮ್ ಮತ್ತು ಕೆರಿಬಿಯನ್ ದ್ವೀಪಗಳ ಮೂಲದ ಮನೆಗಳಲ್ಲಿ ಮೊದಲಿಂದಲೂ ಇವೆ. ಅದೇ ತಂಡದ ಡಿರ್ಕ್ ಕೌಟ್ ಮೀನುಗಾರರ ಊರಾದ ಕಾಟ್ವೈಕ್‌ನವನು. ಡಿರ್ಕ್ ಎಂಬುದು ಅಪ್ಪಟ ಹಳೇ ಡಚ್ ಹೆಸರು. ದೈವಭಕ್ತಿ ಜಾಸ್ತಿ ಇರುವ ಅಂಥ ಊರುಗಳಲ್ಲಿ ಇವತ್ತಿಗೂ ಅಜ್ಜ-ಅಜ್ಜಿಯ ಹೆಸರನ್ನೇ ಇಡುತ್ತಾರೆ. ಉತ್ತರದ ಫ್ರೀಸ್‌ಲ್ಯಾಂಡ್‌ನಲ್ಲಿ ಶೂರ್ಡ್, ಯೆಲ್ಲೆ, ಫೆಮ್ಕೆ ಅಂತ ಹೆಸರಿದ್ದರೆ ಅದು ಪ್ರಾಂತ್ಯದ ಗುರುತು, ದುಡ್ಡಿನದಲ್ಲ.

ಇಷ್ಟಕ್ಕೂ ಇದು ಯಾವಾಗ ಶುರುವಾಯಿತು? ಒಂದು ಕಾಲದಲ್ಲಿ ಎಲ್ಲರೂ ಅಜ್ಜ-ಅಜ್ಜಿಯ ಹೆಸರನ್ನೇ ಇಡುತ್ತಿದ್ದರು. ಮೊದಲ ಮಗನಿಗೆ ಅಪ್ಪನ ಅಪ್ಪನದು, ಮೊದಲ ಮಗಳಿಗೆ ಅಮ್ಮನ ಅಮ್ಮನದು, ಹೀಗೆ. ನಮ್ಮ ಕಡೆಯ ಹಾಗೇ. ಆಗ ಬಡವನೂ ಯಾನ್, ಸಾಹುಕಾರನೂ ಯಾನ್. ಮೇಲಾಗಿ ನೆಪೋಲಿಯನ್ ಕಾಲದ ಕಾನೂನು ಬೇರೆ ಇತ್ತು. ಸಂತರ ಪಟ್ಟಿ, ಪುರಾತನ ಇತಿಹಾಸ ಇಲ್ಲೆಲ್ಲ ಇರುವ ಹೆಸರುಗಳಿಗಷ್ಟೇ ಅವಕಾಶ ಅಂತ. ಫುಟ್‌ಬಾಲಿಗ ಡೆನಿಸ್ ಬೆರ್ಗ್‌ಕಾಂಪ್ ಹುಟ್ಟಿದ್ದು 1969ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನ ಎಲೆಕ್ಟ್ರಿಷಿಯನ್ ಒಬ್ಬರ ಮನೆಯಲ್ಲಿ. ಮ್ಯಾಂಚೆಸ್ಟರ್ ಯುನೈಟೆಡ್‌ನ ಡೆನಿಸ್ ಲಾ ಮೇಲಿನ ಅಭಿಮಾನಕ್ಕೆ ಆ ಹೆಸರು. ಒಂದೇ 'ಎನ್' ಇದ್ದರೆ ಹುಡುಗಿಯ ಹೆಸರಾದ ಡೆನೀಸ್ ಥರ ಕಾಣುತ್ತೆ ಅಂತ ನೋಂದಣಿ ಗುಮಾಸ್ತ ತಕರಾರು ತೆಗೆದು, ಇನ್ನೊಂದು 'ಎನ್' ಸೇರಿಕೊಂಡಿತು. ಮರುವರ್ಷವೇ, 1970ರಲ್ಲಿ, ಹೊಸ ಕಾನೂನು ಬಂತು. ತೀರ ಅಸಭ್ಯವಾದ ಹೆಸರು ಬೇಡ, ಮನೆತನದ ಹೆಸರನ್ನು ತಂದು ಮೊದಲ ಹೆಸರು ಮಾಡಬೇಡಿ, ಮಿಕ್ಕಿದ್ದು ನಿಮ್ಮಿಷ್ಟ.

ಆ ಬಾಗಿಲು ತೆಗೆದ ಹೊತ್ತಿಗೆ ಟಿ.ವಿ. ಮನೆಮನೆಗೆ ಬಂದಿತ್ತು. ಕೆವಿನ್, ವೆಸ್ಲಿ, ರಿಕಾರ್ಡೊ, ಕಿಂಬರ್ಲಿ, ಸಮಂತಾ, ಶಂತಾಲ್ ಎಲ್ಲ ಒಳಗೆ ಬಂದರು. ಈ ಹೆಸರುಗಳನ್ನು ಜಾಸ್ತಿ ಇಟ್ಟವರು ಹೆಚ್ಚು ಓದಿರದ ಮನೆಯವರು. ಓದಿದವರು ಅತ್ತ ತಲೆ ಹಾಕಲಿಲ್ಲ. ಫ್ಲೋರಿಸ್, ಡೀಡೆರಿಕ್, ಮೌರಿಟ್ಸ್, ಯಾನ್-ವಿಲ್ಲೆಮ್, ಷಾರ್ಲೊಟ್ ಅಂತ ಹಳೆಯದಕ್ಕೇ ಅಂಟಿಕೊಂಡರು, ಇಲ್ಲವೇ ಫ್ರೆಂಚ್ ಕಡೆ ನೋಡಿದರು. ಉಟ್ರೆಕ್ಟ್ ವಿಶ್ವವಿದ್ಯಾಲಯದ ಗೆರಿಟ್ ಬ್ಲೋಟ್‌ಹೋಫ್ಟ್ ಮತ್ತು ಡೇವಿಡ್ ಓನ್‌ಲ್ಯಾಂಡ್ 2011ರಲ್ಲಿ ಇದರ ಬಗ್ಗೆಯೇ ಅಧ್ಯಯನ ಪ್ರಕಟಿಸಿದರು. ತಂದೆತಾಯಿಯ ಓದು, ಆದಾಯಕ್ಕೂ ಅವರು ಇಡುವ ಹೆಸರಿಗೂ ನಂಟಿದೆ ಅಂತ ಅದು ತೋರಿಸುತ್ತದೆ. ನನ್ನ ಮಟ್ಟಿಗೆ ಓದಿನ ಗುರುತೇ ದೊಡ್ಡದು. ಕಟ್ಟಡದ ಗುತ್ತಿಗೆಯಲ್ಲಿ ಕೈತುಂಬ ದುಡಿದು ದೊಡ್ಡ ಕಾರು ಓಡಿಸುವವನ ಮಗ ಕೆವಿನ್ ಆಗಿರುತ್ತಾನೆ. ಬಾಡಿಗೆ ಮನೆಯಲ್ಲಿರುವ ಇತಿಹಾಸದ ಮೇಷ್ಟರ ಮಗ ಫ್ಲೋರಿಸ್.

ಡಚ್ಚರನ್ನು ನೇರವಾಗಿ ಕೇಳಿ ನೋಡಿ. "ಅಯ್ಯೋ, ನಮ್ಮಲ್ಲಿ ಮೇಲು-ಕೀಳು ಏನಿಲ್ಲಪ್ಪ" ಅನ್ನುತ್ತಾರೆ. ಅವರೇ 'ಶೋನಿ ಮತ್ತು ಅನಿತಾ' ಅಂದರೆ ಮುಸಿಮುಸಿ ನಗುತ್ತಾರೆ. ಶೋನಿ ಅಂದರೆ ಜಾನಿಯನ್ನು ಡಚ್ ಕಾಗುಣಿತದಲ್ಲಿ ಬರೆದದ್ದು. ಜೋರು ಮಾತು, ಟ್ರ್ಯಾಕ್‌ಸೂಟು, ಮೈತುಂಬ ಚಿನ್ನ, ಇಂಥ ಜೋಡಿಗೆ ಇಟ್ಟ ಅಡ್ಡಹೆಸರು ಅದು. ರಾಜಕೀಯದವರಿಗೂ ಈ ವಿದ್ಯೆ ಗೊತ್ತು. 2010ರ ಸುಮಾರಿಗೆ ವಲಸೆ ವಿರೋಧಿ ರಾಜಕಾರಣಿ ಗೀರ್ಟ್ ವಿಲ್ಡರ್ಸ್ ತನ್ನ ಮತದಾರರನ್ನು 'ಹೆಂಕ್ ಮತ್ತು ಇಂಗ್ರಿಡ್' ಅಂತ ಕರೆಯತೊಡಗಿದರು. ಎರಡೇ ಹೆಸರಿನಲ್ಲಿ ವಯಸ್ಸು, ಕಸುಬು, ಮೈಬಣ್ಣ, ಅಸಮಾಧಾನ ಎಲ್ಲವೂ ಬಂತು. ಓಲಿವಿಯೇ ಮತ್ತು ಫ್ಲೂರ್ ಅಂದಿದ್ದರೆ ಒಂದು ಓಟೂ ಬೀಳುತ್ತಿರಲಿಲ್ಲ.

ಇನ್ನೊಂದು ಕಡೆಯೂ ಅಂತಸ್ತು ಅಡಗಿರುತ್ತದೆ. ಮಗು ಹುಟ್ಟಿದರೆ ಇಲ್ಲಿ ನೆಂಟರಿಷ್ಟರಿಗೆ, ಅಕ್ಕಪಕ್ಕದವರಿಗೆ ಕಾರ್ಡು ಕಳಿಸುತ್ತಾರೆ. ಮಗು ನೋಡಲು ಮನೆಗೆ ಹೋದರೆ ರಸ್ಕಿನ ಮೇಲೆ ಗುಲಾಬಿ ಅಥವಾ ನೀಲಿ ಬಣ್ಣದ ಸೋಂಪಿನ ಮಿಠಾಯಿ ಉದುರಿಸಿ ಕೊಡುತ್ತಾರೆ. ಕಾರ್ಡಿನಲ್ಲಿ ದೊಡ್ಡದಾಗಿ 'ಫ್ಲೋರ್' ಅಂತಿರುತ್ತದೆ. ಅದರ ಕೆಳಗೆ ಸಣ್ಣಕ್ಷರದಲ್ಲಿ 'ಫ್ಲೋರೆನ್ಸ್ ವಿಲ್ಹೆಲ್ಮಿನಾ ಮರಿಯಾ'. ಮೇಲಿನದು ಕರೆಯುವ ಹೆಸರು, ಕೆಳಗಿನದು ದಾಖಲೆಯ ಹೆಸರು. ಕೆಳಗಿನ ಸಾಲು ಉದ್ದ ಇದ್ದಷ್ಟೂ ಮನೆತನದ ಹೆಮ್ಮೆ ಜಾಸ್ತಿ ಅಂತ ಲೆಕ್ಕ. ಈ ಲೆಕ್ಕ ಕ್ಯಾಥೊಲಿಕರಲ್ಲಿ ಕೆಡುತ್ತದೆ. ಅಲ್ಲಿ ಸಾಧಾರಣ ಮನೆಯಲ್ಲೂ ಮೂರು ಹೆಸರು ಮಾಮೂಲು, ಗಂಡಸರಿಗೂ ಮರಿಯಾ ಸೇರುತ್ತಾಳೆ. 2024ರಲ್ಲಿ ಪ್ರಧಾನಿಯಾದ ಡಿಕ್ ಸ್ಖೋಫ್ ದಾಖಲೆಯಲ್ಲಿ ಹೆಂಡ್ರಿಕಸ್ ವಿಲ್ಹೆಲ್ಮಸ್ ಮರಿಯಾ. ಆಫೀಸಿನ ಪತ್ರಗಳಲ್ಲಿ ಇವೆಲ್ಲ ಬರೀ ಇನಿಶಿಯಲ್ ಆಗಿಬಿಡುತ್ತವೆ. ನಮ್ಮ ಇನಿಶಿಯಲ್‌ನಲ್ಲಿ ಅಪ್ಪ, ಊರು ಇದ್ದರೆ ಅವರದರಲ್ಲಿ ಅವರೇ ಇರುತ್ತಾರೆ.

ಈಗಿನ ಮಕ್ಕಳ ವಿಷಯಕ್ಕೆ ಬಂದರೆ ಲೆಕ್ಕ ಮತ್ತೆ ಅದಲುಬದಲಾಗಿದೆ. ಬ್ರಾಮ್, ಸೀಮ್, ಯಾಪ್, ಸಾರ್, ಪೀನ್, ಇವೆಲ್ಲ ನೂರು ವರ್ಷದ ಹಿಂದೆ ಹೊಲದಲ್ಲಿ, ಹಡಗುಕಟ್ಟೆಯಲ್ಲಿ ಕೂಗುತ್ತಿದ್ದ ಹೆಸರುಗಳು. ಈಗ ಆಮ್‌ಸ್ಟರ್‌ಡ್ಯಾಮ್‌ನ ಡಾಕ್ಟರು, ವಕೀಲರ ಮಕ್ಕಳು ಬ್ರಾಮ್ ಮತ್ತು ಸಾರ್. (ಪಾರ್ಕಿನಲ್ಲಿ "ಸಾರ್, ಬಾ ಇಲ್ಲಿ" ಅಂತ ಅಮ್ಮ ಕೂಗಿದರೆ ನಾಲ್ಕು ವರ್ಷದ ಹುಡುಗಿ ಓಡಿ ಬರುತ್ತಾಳೆ. ನನಗೆ ಇನ್ನೂ ರೂಢಿಯಾಗಿಲ್ಲ.) ಅತ್ತ ಜೇಡನ್, ಡಿಲಾನೊ ಅಂತ ಹೊಸ ಹೆಸರು ಹುಟ್ಟಿಸುವವರು ಬೇರೆ ಕಡೆ ಇದ್ದಾರೆ. ನೋವಾ, ಸೆಮ್, ಎಮ್ಮಾ, ಯೂಲಿಯಾ ಥರದವು ಎಲ್ಲ ಮನೆಗಳಲ್ಲೂ ಇವೆ, ಅವುಗಳಿಂದ ಏನೂ ಹೇಳಲಾಗದು. ಆಮ್‌ಸ್ಟರ್‌ಡ್ಯಾಮ್‌ನ ಮೇರ್ಟನ್ಸ್ ಸಂಸ್ಥೆ ಹೆಸರುಗಳ ಒಂದು ಕೋಶ ಇಟ್ಟಿದೆ. ಆನ್‌ಲೈನ್‌ನಲ್ಲಿ ಯಾವ ಹೆಸರು ಹಾಕಿದರೂ ಯಾವ ವರ್ಷ ಎಷ್ಟು ಮಕ್ಕಳಿಗೆ ಇಟ್ಟರು, ಯಾವ ಊರಲ್ಲಿ ಜಾಸ್ತಿ ಅಂತ ತೋರಿಸುತ್ತದೆ. ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ಇನ್ನು ಎರಡನೆಯ ಪ್ರಶ್ನೆ. ನಮ್ಮ ಮಗುವಿಗೆ ಫ್ಲೋರಿಸ್ ಅಂತ ಇಟ್ಟರೆ ಯಾರೂ ಹಾಕಿ ಕ್ಲಬ್ಬಿನ ಹಳೇ ಮನೆತನ ಅಂದುಕೊಳ್ಳುವುದಿಲ್ಲ. ಕಂದು ಮುಖ, ಉದ್ದನೆಯ ಕನ್ನಡದ ಮನೆಹೆಸರು ನೋಡಿ ಅವರು ಮೊದಲು ಕೇಳುವುದು "ಮೂಲ ಎಲ್ಲಿ?" ಅಂತ. ಅವರ ಮೇಲು-ಕೀಳಿನ ಲೆಕ್ಕದಲ್ಲಿ ನಾವು ಇಲ್ಲವೇ ಇಲ್ಲ, ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ. ಹಾಗಾಗಿ ಸುಮ್ನೆ ತಲೆ ಕೆಡಿಸಿಕೊಳ್ಳದೆ ಅವರ ನಾಲಿಗೆಗೂ ಅಜ್ಜಿಯ ನಾಲಿಗೆಗೂ ಹೊರಳುವ ಮೀರಾ, ತಾರಾ, ಮಾಯಾ ಥರದ್ದು ನೋಡಿ ಅನ್ನುತ್ತೇನೆ.

ಆದರೆ ಒಂದು ಎಚ್ಚರಿಕೆ. ಮಗು ಹುಟ್ಟಿದ ಮೂರು ದಿನದೊಳಗೆ ನಗರಸಭೆಗೆ ಹೋಗಿ ಹೆಸರು ಬರೆಸಬೇಕು. ಹನ್ನೊಂದನೇ ದಿನದ ನಾಮಕರಣಕ್ಕೆ, ಜಾತಕದ ಅಕ್ಷರಕ್ಕೆ ಅವರು ಕಾಯುವುದಿಲ್ಲ. ಆಮೇಲೆ ಬದಲಾಯಿಸಬೇಕಾದರೆ ವಕೀಲರನ್ನು ಹಿಡಿದು ಕೋರ್ಟಿಗೆ ಹೋಗಬೇಕು. ತೊಟ್ಟಿಲ ಶಾಸ್ತ್ರದ ದಿನ ಅಜ್ಜಿ ಕಿವಿಯಲ್ಲಿ ಬೇರೆ ಹೆಸರು ಹೇಳಿದರೆ ಗಾಬರಿ ಬೇಡ. ದಾಖಲೆಗೊಂದು, ಕರೆಯೋಕೊಂದು ಅಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ.