ಭುಜ ಇಳಿಸುವ ಪ್ರಾಜೆಕ್ಟ್: ಈಗ ದವಡೆಯ ಸರದಿ

ಕೆಲಸ ಮಾಡುವಾಗ ಬೇಡದ ಕಡೆಯೆಲ್ಲ ಮೈ ಬಿಗಿ ಹಿಡಿಯುವ ಅಭ್ಯಾಸವನ್ನು ಬಿಡಲು ನೋಡುತ್ತಿದ್ದೇನೆ. ಅದರಲ್ಲಿ ಭುಜದ ವಿಷಯ ಒಂದು ಮಟ್ಟಕ್ಕೆ ಬಂದಿದೆ. ಚಪಾತಿ ಲಟ್ಟಿಸುವಾಗ ಅದು ಕಿವಿಯ ಕಡೆ ಏರುವುದು ಈಗ ತಾನಾಗೇ ಗೊತ್ತಾಗುತ್ತದೆ, ಮೊದಲಾದರೆ ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟು ವಿಡಿಯೋ ಮಾಡಿಕೊಂಡು ಆಮೇಲೆ ನೋಡಬೇಕಿತ್ತು. ಲಟ್ಟಣಿಗೆ ಒತ್ತುವುದು ಕೈ. ಆದರೆ ಹೊಟ್ಟೆ ಬಿಗಿ, ಉಸಿರು ಅರ್ಧಕ್ಕೇ ನಿಂತಿದೆ, ಕಾಲ್ಬೆರಳುಗಳು ಚಪ್ಪಲಿಯನ್ನು ಗಟ್ಟಿಯಾಗಿ ಹಿಡಿದಿವೆ. ಚಪಾತಿಗೂ ಕಾಲ್ಬೆರಳಿಗೂ ಏನು ಸಂಬಂಧ ಹೇಳಿ!

ವಿಡಿಯೋ ಐಡಿಯಾ ಬಂದದ್ದು ಎಫ್. ಎಂ. ಅಲೆಕ್ಸಾಂಡರ್ ಕಥೆಯಿಂದ. 1869ರಲ್ಲಿ ಟಾಸ್ಮೇನಿಯಾದಲ್ಲಿ ಹುಟ್ಟಿದವರು, ವೇದಿಕೆ ಮೇಲೆ ನಿಂತು ಪದ್ಯ, ನಾಟಕದ ಭಾಗ ಹೇಳುವುದು ಕಸುಬು. ಹೇಳುತ್ತಾ ಹೇಳುತ್ತಾ ಗಂಟಲು ಕಟ್ಟುತ್ತಿತ್ತು. ಕನ್ನಡಿ ಮುಂದೆ ನಿಂತು ನೋಡಿದರೆ, ಬಾಯಿ ತೆರೆದಾಗೆಲ್ಲ ತಲೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಮಜಾ ಏನೆಂದರೆ, ತಲೆ ಮುಂದೆ ಇಟ್ಟಿದ್ದೇನೆ ಅಂತ ಅವರಿಗೆ ಖಂಡಿತವಾಗಿ ಅನಿಸಿದಾಗಲೂ ಕನ್ನಡಿಯಲ್ಲಿ ಅದು ಹಿಂದೆಯೇ ಇತ್ತು. ಬಿಗಿ ಹಿಡಿದು ರೂಢಿಯಾದ ಮೈಗೆ ಆ ಬಿಗಿಯೇ ಸರಿ ಅನಿಸುತ್ತದೆ, ಹಾಗಾಗಿ 'ನನಗೇನೂ ಟೈಟ್ ಇಲ್ಲಪ್ಪ' ಅನ್ನುವ ಮಾತನ್ನು ನಾನು ಈಗ ನಂಬುವುದಿಲ್ಲ, ನನ್ನ ಬಾಯಲ್ಲಿ ಬಂದರಂತೂ ಇಲ್ಲವೇ ಇಲ್ಲ.

'ರಿಲ್ಯಾಕ್ಸ್ ಆಗು' ಅಂತ ಹೇಳಿಕೊಳ್ಳುವುದು ದಂಡ. ಭುಜ ಕುಸಿಯುತ್ತದೆ, ಎದೆ ಒಳಗೆ ಹೋಗುತ್ತದೆ, ಅಷ್ಟೇ. ತಲೆಯೇ ಸುಮಾರು 5 ಕೆಜಿ ತೂಗುತ್ತದೆ, ಅದನ್ನು ಹೊರಲು ಕತ್ತಿನ ಸ್ನಾಯು ಕೆಲಸ ಮಾಡಲೇಬೇಕಲ್ವಾ? ತೆಗೆಯಬೇಕಾದ್ದು ಜಾಸ್ತಿ ಇರುವ ಬಿಗಿಯನ್ನು ಮಾತ್ರ. ಅದಕ್ಕೆ ಎಡ್ಮಂಡ್ ಜೇಕಬ್ಸನ್ ಎಂಬ ಅಮೆರಿಕದ ವೈದ್ಯರ ವಿಧಾನ ನನಗೆ ಚೆನ್ನಾಗಿ ಹಿಡಿಸಿತು. ಬೇಕೆಂದೇ ಮುಷ್ಟಿ ಬಿಗಿಹಿಡಿ, ಬಿಡು, ಎರಡರ ವ್ಯತ್ಯಾಸ ಗಮನಿಸು. ಸಿಗ್ನಲ್‌ನಲ್ಲಿ ಸ್ಕೂಟರ್ ಆಫ್ ಮಾಡಿದಾಗ ಇದನ್ನು ಮಾಡುತ್ತೇನೆ. ಆಫ್ ಮಾಡಿಯೇ ಮಾಡಿ, ಆಕ್ಸಿಲರೇಟರ್ ಇರುವುದು ಮುಷ್ಟಿ ಹಿಡಿಯುವ ಕೈಯಲ್ಲೇ.

ಈಗ ದವಡೆ. ಸುಮ್ನೆ ಕೂತಾಗ ತುಟಿ ಮುಚ್ಚಿದ್ದರೂ ಮೇಲಿನ ಕೆಳಗಿನ ಹಲ್ಲುಗಳ ನಡುವೆ 2ರಿಂದ 4 ಮಿಲಿಮೀಟರ್ ಜಾಗ ಇರಬೇಕು. ನನಗೆ ಲ್ಯಾಪ್‌ಟಾಪ್ ಮುಂದೆ ಆ ಜಾಗವೇ ಇರುವುದಿಲ್ಲ. ಅದೂ ಟೈಪ್ ಮಾಡುವಾಗ ಅಲ್ಲ, ಆಫೀಸಿನ ಮೇಲ್ ತೆರೆಯೋಣ ಅಂದುಕೊಂಡಾಗಲೇ ಹಲ್ಲು ಕಚ್ಚಿರುತ್ತದೆ. ಹಾಗಾಗಿ ಕ್ಲಿಕ್ ಮಾಡುವ ಮೊದಲು ಒಂದು ಉಸಿರಿನಷ್ಟು ಹೊತ್ತು ಸುಮ್ನೆ ನಿಲ್ಲುತ್ತೇನೆ. ಬೆಳಗ್ಗೆ ನೆನಪಿರುತ್ತದೆ, ಮಧ್ಯಾಹ್ನ ಊಟವಾದ ಮೇಲೆ ಪೂರ್ತಿ ಮರೆತುಹೋಗುತ್ತದೆ. ಸದ್ಯಕ್ಕೆ ಸ್ಕ್ರೀನ್ ಮೂಲೆಗೆ ಒಂದು ಬಿಂದಿ ಅಂಟಿಸಿದ್ದೇನೆ.